ಸೊಣ್ಣಪ್ಪನ ತಪಸಿ

ಕುಂಡದ ಒಂದು ಅಂಚನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಇನ್ನೊಂದು ಅಂಚನ್ನು ಸಿಮೆಂಟಿನ ಮೇಲೆ ಎಳೆಯುತ್ತ, ಯಶೋಧಾ ಹಿಂದುಹಿಂದಕ್ಕೆ ನೀರಿನ ಟ್ಯಾಂಕಿನ ಮರೆಗೆ ಸರಿಯುತ್ತಿದ್ದಳು. ಕರಕರ ಸದ್ದು ಕೆಳಗಿನವರಿಗೆ ಕೇಳಿಸೀತೆಂದು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಶಾಮಿಯಾನದವರು ಕಂಬ ನಿಲ್ಲಿಸುತ್ತಿದ್ದರು. ಮಾವ ಸೊಣ್ಣಪ್ಪನ ದೇಹ ಹೊತ್ತ ಆಂಬುಲೆನ್ಸ್ ಹೆಬ್ಬಾಳದ ಆಸ್ಪತ್ರೆಯಿಂದ ಹೊರಟಿದೆ ಎಂದು ಗಂಡ ಮನೋಹರ ಫೋನ್ ಮಾಡಿ ಹತ್ತು ನಿಮಿಷವಾಗಿತ್ತು. ಬೆಳಗ್ಗೆ ಏಳು ಗಂಟೆ, ರಸ್ತೆ ಖಾಲಿ. ಇನ್ನೇನು ಅಟ್ಟೂರಿಗೆ ಬಂದೇಬಿಡುತ್ತದೆ.

ಕುಂಡವೆಂದರೆ ತಟ್ಟೆಯಂಥದ್ದು, ಅಗಲ ಹೆಚ್ಚು, ಆಳ ನಾಲ್ಕು ಬೆರಳು. ಅದರಲ್ಲಿ ಒಂದೂವರೆ ಗೇಣೆತ್ತರದ ತಪಸಿ ಮರ. ಮೊಳಕೈಯಷ್ಟು ದಪ್ಪದ, ಗಂಟುಗಂಟಾದ ಬೊಡ್ಡೆ. ಮೇಲೆ ಕೂದಲೆಳೆಯಷ್ಟು ಸಣ್ಣ ನೂರಾರು ಕಡ್ಡಿ. ಒಂದೇ ಒಂದು ಎಲೆ ಇರಲಿಲ್ಲ. ಟ್ಯಾಂಕಿನ ಗೋಡೆಗೆ ಒಂದು ಕಡ್ಡಿ ತಾಗಿ ಲಟಕ್ಕನೆ ಮುರಿಯಿತು. ಆ ಸದ್ದಿಗೆ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹಳೆಯ ಬೆಡ್‌ಶೀಟೊಂದನ್ನು ಮರದ ಮೇಲೆ ಹೊದಿಸಿ ನೆಟ್ಟಗಾಗುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಸೊಣ್ಣಪ್ಪನ ತಮ್ಮ ಮುನಿಶಾಮಪ್ಪ. ಶಾಮಿಯಾನದ ಹಗ್ಗ ಕಟ್ಟಲು ಮೇಲೆ ಬಂದಿದ್ದ.

"ಇಲ್ಲೇನಮ್ಮ ಮಾಡ್ತಿದ್ದೀಯ? ಕೆಳಗೆ ನಿಮ್ಮತ್ತೆ ಒಬ್ಳೇ ಕುಂತವ್ಳೆ."

"ಬಟ್ಟೆ ಎತ್ಕೊಂಡ್ ಹೋಗೋಣ ಅಂತ ಬಂದೆ ಚಿಕ್ಕಮಾವ."

ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಮುನಿಶಾಮಪ್ಪ ಅದನ್ನು ಗಮನಿಸಲಿಲ್ಲ. ತಾರಸಿಯ ನಾಲ್ಕು ಮೂಲೆಗೆ ಹೊಸದಾಗಿ ನಿಂತಿದ್ದ ಕಬ್ಬಿಣದ ಕಂಬಗಳನ್ನೂ, ಮೇಲೆ ಹೊದಿಸಿದ ನೀಲಿ ತಗಡನ್ನೂ ನೋಡುತ್ತಿದ್ದ.

"ಇದ್ಯಾವಾಗ ಆಕ್ಸಿದ್ರಿ? ಅಣ್ಣ ಒಪ್ಪಿದ್ನಾ?"

"ಹೂಂ. ಅವರೇ ಹೇಳಿದ್ದು."

ಎಷ್ಟು ಸಲೀಸಾಗಿ ಬಂತು ಮಾತು ಎಂದು ಅವಳಿಗೇ ಅನ್ನಿಸಿತು. ಇಪ್ಪತ್ತು ದಿನದಿಂದ ರೂಢಿಯಾಗಿಬಿಟ್ಟಿತ್ತು.

*

ಒಂಬತ್ತರ ಹೊತ್ತಿಗೆ ಶಾಮಿಯಾನದ ಕೆಳಗೆ ಜನ ಸೇರಿದರು. ಸೊಣ್ಣಪ್ಪನನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಬಳಿ ದೀಪ ಹಚ್ಚಿದ್ದರು. ಮುನಿಯಲ್ಲಮ್ಮ ಗಂಡನ ಕಾಲ ಬಳಿ ಗೋಡೆಗೊರಗಿ ಕುಳಿತಿದ್ದಳು. ಮಂಡಿನೋವಿನ ಹೆಂಗಸು, ಎರಡೂ ಕಾಲನ್ನು ಚಾಚಿಕೊಂಡು, ಬಂದವರ ಮುಖ ನೋಡುವಳು, ಅಳು ಬಂದಾಗ ಅಳುವಳು, ನಿಂತಾಗ ನಿಲ್ಲಿಸುವಳು.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹಳೆಯ ಜೊತೆಗಾರರು ಮಾತಾಡುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು.

"ಲೈನ್‌ಮನ್ ಅಂದ್ರೆ ಸೊಣ್ಣಪ್ಪ ಕಣ್ರೀ. ಕರೆಂಟ್ ಹೋದ್ರೆ ಆಫೀಸಿಗೆ ಯಾರ್ ಫೋನ್ ಮಾಡ್ತಿದ್ರು? ಸೀದಾ ಈ ಮನೆ ಬಾಗ್ಲು ತಟ್ಟೋದೇ."

"ನನ್ ತಂಗಿ ಮದ್ವೇಲಿ ಧಾರೆ ಹೊತ್ಗೆ ಟ್ರಾನ್ಸ್‌ಫಾರ್ಮರ್ ಢಮ್ ಅಂತು. ಊಟಕ್ ಕುಂತಿದ್ದೋನು ಎಲೆ ಬಿಟ್ಟು ಎದ್ದು, ರೇಷ್ಮೆ ಪಂಚೆಲೇ ಕಂಬ ಹತ್ತಿದ. ಇಳ್ದು ಬಂದು ಅದೇ ಎಲೆಗೆ ಕೂತು, ಪಾಯಸ ಇನ್ನೊಂದ್ಸಲ ಬಡಿಸಿ ಅಂದ."

ಯಾರೋ ನಕ್ಕರು. ನಕ್ಕವರು ಕೂಡಲೇ ಟವೆಲಿನಿಂದ ಬಾಯಿ ಒರೆಸಿಕೊಂಡರು.

"ರಿಟೈರ್ ಆದ್ಮೇಲೆ ಏನೋ ಕುಂಡದಲ್ಲಿ ಮರ ಬೆಳೆಸ್ತಿದ್ದನಂತೆ?"

"ಮರವಾ? ಅದೊಂದು ಹುಚ್ಚು. ಕೈಯಲ್ಲಿ ಸಣ್ಣ ಕತ್ತರಿ ಹಿಡ್ಕೊಂಡು ದಿನವೆಲ್ಲ ಅದರ ಮುಂದೆ ಕೂತಿರೋನು. ಕೆರೆ ಕಡೆ ವಾಕಿಂಗ್ ಕರೆದ್ರೂ ಬರ್ತಿರ್ಲಿಲ್ಲ."

ಬಂದವರಿಗೆ ನೀರು ಕೊಡುತ್ತಿದ್ದ ಯಶೋಧಾ ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

*

ಆ ಮರ ಮನೆಗೆ ಬಂದದ್ದು ಹದಿನೆಂಟು ವರ್ಷದ ಹಿಂದೆ, ಯಶೋಧಾ ಸೊಸೆಯಾಗಿ ಬರುವುದಕ್ಕೂ ಏಳು ವರ್ಷ ಮೊದಲು. ಊರಾಚೆಯ ಹಳೆಯ ಬಾವಿಯನ್ನು ಲೇಔಟಿನವರು ಮುಚ್ಚುವುದಕ್ಕಿದ್ದರು. ಬಾವಿಯ ಒಳಗೋಡೆಯ ಕಲ್ಲಿನ ಸಂದಿಯಲ್ಲಿ ಒಂದು ತಪಸಿ ಎಷ್ಟೋ ವರ್ಷದಿಂದ ಸಿಕ್ಕಿಕೊಂಡಿತ್ತು. ಬೇರು ಚಾಚಲು ಜಾಗವಿಲ್ಲದೆ, ಸಾಯಲೂ ಆಗದೆ, ಮೊಳದುದ್ದ ಬೆಳೆದು ಮುರುಟಿ ನಿಂತಿತ್ತು. ಸೊಣ್ಣಪ್ಪ ಕಂಬ ಹತ್ತುವ ಬೆಲ್ಟು ಕಟ್ಟಿಕೊಂಡು, ಹಗ್ಗ ಹಿಡಿದು ಬಾವಿಗಿಳಿದು, ಎರಡು ಸಂಜೆ ಹಾರೆಯಿಂದ ಕಲ್ಲು ಮೀಟಿ ಅದನ್ನು ಬೇರುಸಹಿತ ಬಿಡಿಸಿ ತಂದಿದ್ದ. ಅಪಶಕುನದ ಬಾವಿ ಗಿಡವನ್ನು ಮನೆಗೆ ತಂದನೆಂದು ಮುನಿಯಲ್ಲಮ್ಮ ಎರಡು ದಿನ ಮಾತು ಬಿಟ್ಟಿದ್ದಳಂತೆ.

ಮೂವತ್ತಾರು ವರ್ಷದ ಕೆಲಸದಲ್ಲಿ ಸೊಣ್ಣಪ್ಪ ಪ್ರತಿ ಬೇಸಿಗೆ ಮಾಡಿದ್ದು ಇನ್ನೊಂದು ಬಗೆಯ ಕೆಲಸ. ಮಳೆಗೆ ಮುಂಚೆ, ತಂತಿಗೆ ತಾಗುವ ಕೊಂಬೆಗಳನ್ನು ಕಡಿದು ಬೀಳಿಸುವುದು. ಹೊಂಗೆ, ನೇರಳೆ, ಮಳೆಮರ, ಯಾವುದೂ ಅವನ ಮಚ್ಚಿನಿಂದ ತಪ್ಪಿಸಿಕೊಂಡಿರಲಿಲ್ಲ.

"ನನ್ ಕೈಲಿ ಎಷ್ಟ್ ಮರ ಬೋಳಾದ್ವೋ ಕಣವ್ವ. ಕಡಿಯೋದ್ ಕಲ್ತಿದ್ದೆ. ಕತ್ತರಿಸೋದ್ ಕಲೀಬೇಕು ಅನ್ಸ್ತು," ಎಂದಿದ್ದ ಒಮ್ಮೆ.

ಯಶೋಧಾ ಬಟ್ಟೆ ಒಣಗಿಸಲು ತಾರಸಿಗೆ ಹೋದಾಗಲೆಲ್ಲ ಅವನು ಮಣೆಯ ಮೇಲೆ ಕೂತಿರುವನು. ಕನ್ನಡಕ ಮೂಗಿನ ತುದಿಗೆ. ಕಂಬದಿಂದ ಬಿದ್ದು ಸೊಟ್ಟಗಾಗಿದ್ದ ಎಡಗೈಯ ಎರಡು ಬೆರಳ ನಡುವೆ ಒಂದು ಕಡ್ಡಿ ಹಿಡಿದು ಕರೆಯುವನು.

"ಬಾರವ್ವ ಯಶೋಧಮ್ಮ, ನೋಡು. ಚಿಗುರು ಬಂದ ತಕ್ಷಣ ಕೈ ಆಕ್ಬಾರ್ದು. ಐದೆಲೆ ಆಗೋಗಂಟ ಸುಮ್ಕಿರ್ಬೇಕು. ಆಮೇಲೆ ಎರಡೆಲೆ ಉಳಿಸಿ ಮಿಕ್ಕಿದ್ದು ಕತ್ತರಿಸ್ಬುಡು. ಆ ಎರಡೆಲೆ ಕಂಕುಳಲ್ಲಿ ಎರಡು ಚಿಗುರು ಒಡೀತವೆ. ಎರಡು ನಾಕಾಯ್ತವೆ, ನಾಕು ಎಂಟಾಯ್ತವೆ. ಪ್ರತಿ ಸರ್ತಿನೂ ಮೊದ್ಲಿಂದುಕ್ಕಿಂತ ಸಣ್ಣ."

"ಕತ್ತರಿಸದೆ ಬಿಟ್ರೆ ಏನ್ ಮಾವ?"

"ಒಂದೇ ಓಡ್ತದೆ. ಓಡಿದ್ದು ದಪ್ಪ ಆಯ್ತದೆ. ದಪ್ಪ ಆದ್ಮೇಲೆ ಸಣ್ಣ ಆಗಲ್ಲ ಅದು." ತುದಿಯ ಕಡೆ ಬೆರಳು ತೋರಿಸುವನು. "ಮೇಲಿರೋವು ಯಾವಾಗ್ಲೂ ಜೋರು, ಅವನ್ನ ಮೊದ್ಲು ಕತ್ತರಿಸ್ಬೇಕು. ಒಳಗಿರೋ ಬಡಪಾಯಿಗಳ್ನ ಮುಟ್ಬಾರ್ದು. ಬಿಸಿಲು ಒಳಕ್ ಬಿದ್ರೆ ಅವೂ ಏಳ್ತವೆ. ಅದಕ್ಕೇ ಬ್ಯಾಸ್ಗೇಲಿ ಒಂದ್ಸರ್ತಿ ಎಲೆ ಎಲ್ಲಾ ತಗ್ದುಬಿಡೋದು. ನಮ್ ಲೈನ್ ಇದ್ದಂಗೇ ಕಣವ್ವ. ಇದು ಮೇನ್ ಲೈನು. ಇದು ಬೀದಿ ಲೈನು. ಈ ತುದೀಲೈತಲ್ಲ, ಇದು ಸರ್ವೀಸ್ ವೈರು. ಮನೆಯೊಳಗೆ ದೀಪ ಉರಿಯೋದು ಸರ್ವೀಸ್ ವೈರಿಂದ್ಲೇ ತಾನೇ?"

ಅವಳು ನಕ್ಕು, ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಳ್ಳುತ್ತಿದ್ದಳು. ಬಟ್ಟೆ ಹರವಲು ಅವಳಿಗೆ ಉಳಿದಿದ್ದದ್ದು ಒಂದು ಮೂಲೆ ಮಾತ್ರ. ಉಳಿದ ತಾರಸಿಯೆಲ್ಲ ಅವನ ಕುಂಡಗಳದ್ದು.

*

ಹತ್ತೂವರೆಗೆ ಮನೋಹರ ಒಳಗೆ ಬಂದ. ಬೆಳಗ್ಗೆಯಿಂದ ಓಡಾಡಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಯಶೋಧಾ, ಅಪ್ಪನ ಮರ ಕೆಳಗೆ ತರೋಣ್ವಾ? ತಲೆ ಹತ್ರ ಇಡೋಣ. ತಗೊಂಡ್ ಹೋಗೋವರ್ಗೂ ಇರ್ಲಿ."

"ಈ ಜನದಲ್ಲಾ? ಯಾರಾದ್ರೂ ತಾಗಿಸಿಬಿಡ್ತಾರೆ ರೀ."

"ತಾಗಿಸಲ್ಲ. ನಾನು ಜಗನ್ ಎತ್ಕೊಂಡ್ ಬರ್ತೀವಿ." ಜಗನ್ ಮುನಿಶಾಮಪ್ಪನ ಮಗ. ಆಗಲೇ ಪ್ಯಾಂಟು ಮಡಚಿಕೊಳ್ಳುತ್ತಿದ್ದ.

ಅದೇ ಹೊತ್ತಿಗೆ ಬಾಗಿಲಲ್ಲಿ ಅಕ್ಬರಿ ನಿಂತಿದ್ದಳು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ನರ್ಸರಿ ಇಟ್ಟುಕೊಂಡ ಅರವತ್ತು ದಾಟಿದ ಹೆಂಗಸು. ಸೊಣ್ಣಪ್ಪನಿಗೆ ಕುಂಡ, ಮಣ್ಣು, ತಂತಿ ಎಲ್ಲ ಅವಳಲ್ಲಿಂದಲೇ. ಗಿಡದ ವಿಷಯಕ್ಕೆ ಇಬ್ಬರೂ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಅಕ್ಬರಿ ಸತ್ತವನ ಮುಖ ನೋಡಿದಳು, ಮುನಿಯಲ್ಲಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಎದ್ದಾಗ ಮನೋಹರನ ಮಾತು ಅವಳ ಕಿವಿಗೆ ಬಿದ್ದಿತ್ತು.

"ನಾನ್ ನೋಡಿ ಬರ್ತೀನಿ ಬೇಟಾ. ತರೋದೋ ಬೇಡವೋ ಹೇಳ್ತೀನಿ," ಎಂದು ಮೆಟ್ಟಿಲೇರಿದಳು.

ಯಶೋಧಾ ಮೆಟ್ಟಿಲ ಬುಡದಲ್ಲಿ ನಿಂತಳು. ಅಕ್ಬರಿಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಇನ್ನು ಎರಡು ನಿಮಿಷ. ಅವಳು ಇಳಿದು ಬರುತ್ತಾಳೆ, ಇಷ್ಟು ಜನರ ಮುಂದೆ, ಆ ಹೆಣದ ಮುಂದೆ ಹೇಳಿಬಿಡುತ್ತಾಳೆ. ಹೇಳಿದರೆ ಒಳ್ಳೆಯದೇ ಎಂದೂ ಒಂದು ಕ್ಷಣ ಅನ್ನಿಸಿತು.

ಎರಡಲ್ಲ, ಹತ್ತು ನಿಮಿಷ ಕಳೆಯಿತು. ಅಕ್ಬರಿ ಇಳಿದು ಬಂದಳು. ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದಳು. ಯಶೋಧಾಳ ಕಡೆ ನೋಡಲಿಲ್ಲ.

"ಬೇಡ ಬೇಟಾ. ಎಲೆ ತೆಗೆದಿರೋ ಗಿಡ. ಈಗ ಅದನ್ನ ಅಲುಗಿಸಬಾರದು. ಅಲ್ಲೇ ಇರ್ಲಿ."

*

ಎಲೆ ತೆಗೆದದ್ದು ಏಪ್ರಿಲ್ ಕೊನೆಯಲ್ಲಿ. ಮೂರನೆಯ ದಿನ ಸೊಣ್ಣಪ್ಪನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಹೊರಡುವಾಗ ಆಟೊದಲ್ಲಿ ಕೂತು, ಒಂದೊಂದೇ ಮಾತನ್ನು ಉಸಿರಿನ ನಡುವೆ ಹಿಂಡಿ ಹೇಳಿದ್ದ: "ಯಶೋಧಮ್ಮ... ಬೆಳಿಗ್ಗೆ ಒಂದ್ ಚೊಂಬು... ಸಂಜೆ ಒಂದ್ ಚೊಂಬು... ಅಷ್ಟೇ ಸಾಕು."

ಮೊದಲ ಎರಡು ದಿನ ಅವಳು ನೀರು ಹಾಕಿದಳು.

ಯಶೋಧಾ ಬ್ಲೌಸು ಹೊಲಿಯುತ್ತಿದ್ದಳು. ಹೊಲಿಗೆ ಮೆಷಿನ್ನು ನಡುಮನೆಯ ಮೂಲೆಯಲ್ಲಿ, ಟಿವಿ ಮತ್ತು ಅತ್ತೆಯ ಮಂಚದ ನಡುವೆ. ಅಳತೆ ಕೊಡಲು ಬಂದ ಹೆಂಗಸರು ಅಡುಗೆಮನೆಯಲ್ಲಿ ನಿಲ್ಲಬೇಕು. ಹಿಂದಿನ ವರ್ಷ ಅವಳು ಧೈರ್ಯ ಮಾಡಿ ಕೇಳಿದ್ದಳು: ತಾರಸಿಗೆ ತಗಡು ಹೊದಿಸಿದರೆ ಮೆಷಿನ್ನು ಮೇಲಿಟ್ಟುಕೊಳ್ಳಬಹುದು ಮಾವ ಎಂದು. ಸೊಣ್ಣಪ್ಪ ತಲೆ ಕೆರೆದುಕೊಂಡು, "ಬಿಸ್ಲು ಬೇಕಲ್ಲವ್ವ ಅವಕ್ಕೆ," ಎಂದಿದ್ದ. ಅವನು ಬೈಯಲಿಲ್ಲ, ಅವಳು ಮತ್ತೆ ಕೇಳಲಿಲ್ಲ. ಮಾತು ಅಷ್ಟಕ್ಕೇ ನಿಂತಿತ್ತು. ಅವಳೊಳಗೆ ಮಾತ್ರ ನಿಂತಿರಲಿಲ್ಲ.

ಮಾವ ಆಸ್ಪತ್ರೆ ಸೇರಿದ ಮೂರನೆಯ ದಿನ ತಗಡಿನವರಿಗೆ ಫೋನ್ ಮಾಡಿದಳು. ಮನೋಹರ, "ಅಪ್ಪ ಬರೋಷ್ಟ್ರಲ್ಲಿ ಮುಗಿಸ್ಬಿಡು, ಬಂದ್ಮೇಲೆ ಏನೂ ಅನ್ನಲ್ಲ," ಎಂದ. ಕೆಲಸದವರು ಕುಂಡಗಳನ್ನೆಲ್ಲ ಪಡುವಣದ ಗೋಡೆಗೆ ತಳ್ಳಿ, ವೆಲ್ಡಿಂಗ್ ಶುರುಮಾಡಿದರು. ಸಾಲಾಗಿ ನಾಲ್ಕು ದಿನ ಕೆಲಸ. ಮನೆ, ಆಸ್ಪತ್ರೆ, ಬಸ್ಸು, ಬುತ್ತಿ. ಅವಳು ತಾರಸಿಗೆ ಹೋಗಲಿಲ್ಲ. ಮರೆತಳೆಂದು ಹೇಳುವಂತಿಲ್ಲ. ನೀರು ಹಾಕಬೇಕು ಎಂದು ದಿನವೂ ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ, ಒಂದು ದಿನಕ್ಕೇನು ಆಗುತ್ತೆ ಎಂದುಕೊಳ್ಳುತ್ತಿದ್ದಳು.

ಕೆಲಸ ಮುಗಿದ ಮೇಲೆ ಹೋಗಿ ನೋಡಿದಳು. ಆಳದ ಕುಂಡಗಳ ಗಿಡಗಳು ಬಾಡಿಯೂ ಬದುಕಿದ್ದವು. ಮೇ ತಿಂಗಳ ಬಿಸಿಲಿಗೆ ಕಾದ ಗೋಡೆಯ ಬುಡದಲ್ಲಿ ತಪಸಿ ನಿಂತಿತ್ತು. ಒಂದು ಕಡ್ಡಿ ಮುಟ್ಟಿದಳು. ಬೆಂಕಿಕಡ್ಡಿಯಂತೆ ಮುರಿಯಿತು. ಇನ್ನೊಂದು. ಅದೂ ಮುರಿಯಿತು.

ಅವತ್ತು ಮಧ್ಯಾಹ್ನ ಗಂಜಿಯ ಬುತ್ತಿ ಹಿಡಿದು ಎರಡು ಬಸ್ಸು ಬದಲಿಸಿ ಹೆಬ್ಬಾಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡಳು. ಮಾವ, ತಪ್ಪಾಯ್ತು. ಮಾವ, ನೀರು ಹಾಕೋಕಾಗ್ಲಿಲ್ಲ. ವಾರ್ಡಿನಲ್ಲಿ ಸೊಣ್ಣಪ್ಪ ದಿಂಬಿಗೊರಗಿ ಕೂತಿದ್ದ. ಮೂಗಿಗೆ ನಳಿಕೆ. ಅವಳನ್ನು ಕಂಡದ್ದೇ ಕಣ್ಣರಳಿತು.

"ಮೊಗ್ಗು ಕಾಣ್ತಾ?"

"ಕಾಣ್ತಿದೆ ಮಾವ."

ಬಾಯಿಂದ ಬಿದ್ದುಹೋಯಿತು. ಬಿದ್ದದ್ದನ್ನು ಎತ್ತಿಕೊಳ್ಳಲು ಆಗಲಿಲ್ಲ. ಮರುದಿನ ಅವನು ಮತ್ತೆ ಕೇಳಿದ. ಒಂದೆರಡು ಕಡೆ ಒಡೆದಿದೆ ಎಂದಳು. ಇನ್ನೂ ಎರಡು ದಿನಕ್ಕೆ, ಎರಡೆಲೆ ಬಂದಿದೆ ಎಂದಳು. ಒಂದು ವಾರದ ಹೊತ್ತಿಗೆ ಅವಳ ಮಾತಿನಲ್ಲಿ ಮರವೆಲ್ಲ ಹಸಿರಾಗಿತ್ತು.

"ಐದೆಲೆ ಆಗಿದೆ ಮಾವ."

ಸೊಣ್ಣಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

"ಐದಾಯ್ತಾ? ಅಂಗಾದ್ರೆ ಎರಡು ಬುಟ್ಟು ಕತ್ತರಿಸ್ಬುಡವ್ವ. ಮೇಲಿನ್ವು ಮೊದ್ಲು."

ಮರುದಿನ, "ಕತ್ತರಿಸಿದ್ಯಾ?"

"ಹೂಂ ಮಾವ."

"ಒಳಗಿರೋವ್ನ ಮುಟ್ಲಿಲ್ಲ ತಾನೇ?"

"ಇಲ್ಲ ಮಾವ."

ಸೊಟ್ಟ ಬೆರಳಿನ ಎಡಗೈಯನ್ನು ಅವಳ ಕೈ ಮೇಲಿಟ್ಟು, "ಒಳ್ಳೆ ಕೆಲ್ಸ ಮಾಡ್ದೆ," ಎಂದ.

*

ಮಧ್ಯಾಹ್ನ ಎರಡಕ್ಕೆ ತಮಟೆಯ ಸದ್ದಿನೊಂದಿಗೆ ಸೊಣ್ಣಪ್ಪ ಮನೆ ಬಿಟ್ಟ. ಕೆರೆಯಾಚೆಯ ತೋಪಿನಲ್ಲಿ ಮಣ್ಣು ಮಾಡಲು ಗಂಡಸರು ಹೋದರು. ಹೆಂಗಸರು ಉಳಿದು ಮನೆ ತೊಳೆಯತೊಡಗಿದರು. ಬಕೆಟ್ಟು, ಪೊರಕೆ, ನೀರಿನ ಸದ್ದಿನ ನಡುವೆ ಅಕ್ಬರಿ ಯಶೋಧಾಳ ತೋಳು ಹಿಡಿದಳು.

"ಮೇಲೆ ಬಾ ಬೇಟಿ."

ತಾರಸಿಯಲ್ಲಿ ತಗಡಿನ ಕೆಳಗೆ ಕಾವು ತುಂಬಿತ್ತು. ವಾಯುಪಡೆಯ ವಿಮಾನವೊಂದು ಸದ್ದು ಮಾಡುತ್ತ ತಲೆಯ ಮೇಲೆ ಹಾದುಹೋಯಿತು. ಆಮೇಲೆ ಅಕ್ಬರಿ ಬೆಡ್‌ಶೀಟು ತೆಗೆದಳು. ಬೊಡ್ಡೆಯ ತೊಗಟೆಯ ಮೇಲೆ ನಾಲ್ಕೈದು ಕಡೆ ಉಗುರಿನಿಂದ ಕೆರೆದ ಗುರುತಿತ್ತು, ಬೆಳಗ್ಗೆ ಅವಳೇ ಕೆರೆದದ್ದು. ತುದಿಯಲ್ಲಿ ಕಂದು. ನಡುವೆ ಕಂದು. ಮಣ್ಣಿಗೆ ತಾಗಿದ ಕಡೆಯೂ ಕಂದು.

"ಹಸಿರು ಇಲ್ಲ," ಎಂದಳು ಅಕ್ಬರಿ. "ಪೂರಾ ಹೋಗಿದೆ."

"ನಾನೇ..." ಯಶೋಧಾ ಶುರುಮಾಡಿದಳು. ಎಲ್ಲವನ್ನೂ ಹೇಳಿದಳು. ತಗಡು, ಗೋಡೆ, ದಿನಗಳು, ಬೆಂಕಿಕಡ್ಡಿ, ಐದೆಲೆ. ಇಪ್ಪತ್ತು ದಿನ ಕಟ್ಟಿಕೊಂಡದ್ದು ಒಂದೇ ಉಸಿರಿಗೆ ಹೊರಬಂತು. "ಅವರಿಗೆ ಸುಳ್ಳು ಹೇಳ್ಕೊಂಡೇ ಇದ್ದೆ ಆಂಟಿ. ಗಿಡ ಚೆನ್ನಾಗಿದೆ ಅಂದ್ಕೊಂಡೇ ಹೋದ್ರು."

ಅಕ್ಬರಿ ಸೊಣ್ಣಪ್ಪನ ಮಣೆ ಎಳೆದುಕೊಂಡು ಕೂತಳು.

"ಇಲ್ಲ," ಎಂದಳು. "ಅವರಿಗೆ ಗೊತ್ತಿತ್ತು."

ಯಶೋಧಾ ಅವಳನ್ನೇ ನೋಡಿದಳು.

"ಎಲೆ ತೆಗೆದ ಮೇಲೆ ತಪಸಿ ಮೊಗ್ಗು ಒಡೆಯೋಕೇ ಎರಡು ಮೂರು ವಾರ ಬೇಕು ಬೇಟಿ. ಐದೆಲೆ ಆಗೋಕೆ ಇನ್ನೊಂದು ತಿಂಗಳು. ನೀನು ಎಷ್ಟು ದಿನಕ್ಕೆ ಹೇಳಿದೆ? ಹದಿನೈದಕ್ಕಾ, ಹದಿನಾರಕ್ಕಾ? ಹದಿನೆಂಟು ವರ್ಷ ಆ ಗಿಡದ ಮುಂದೆ ಕೂತ ಮನುಷ್ಯ. ನಿನ್ನ ಮಾತು ಕೇಳಿದ ತಕ್ಷಣ ಅರ್ಥ ಆಗಿತ್ತು. ನಾನು ನೋಡೋಕೆ ಹೋದಾಗ ಹೇಳಿದ್ರು, 'ಅಕ್ಬರಿ, ನನ್ ಗಿಡ ಓಯ್ತು,' ಅಂತ."

"ನನ್ನ ಯಾಕೆ ಕೇಳ್ಲಿಲ್ಲ?"

"ನಾನೂ ಅದೇ ಕೇಳ್ದೆ. 'ಆ ಹುಡುಗಿ ದಿನಾ ಎರಡು ಬಸ್ ಬದ್ಲಾಯ್ಸಿ ಊಟ ತತ್ತಾಳೆ. ನಂಗ್ ಗೊತ್ತು ಅಂತ ಗೊತ್ತಾದ್ರೆ ನಾಳೆ ನನ್ ಮುಖ ಎಂಗ್ ನೋಡ್ತಾಳೆ,' ಅಂದ್ರು."

ಅವನು ಒಂದು ಸಲವೂ ಫೋಟೊ ಕೇಳಿರಲಿಲ್ಲ. ಯಶೋಧಾಳಿಗೆ ಈಗ ಹೊಳೆಯಿತು. ಅವಳ ಮೊಬೈಲು ಅವಳ ಕೈಯಲ್ಲೇ ಇರುತ್ತಿತ್ತು. ಪಕ್ಕದ ಹಾಸಿಗೆಯವನಿಗೆ ಹೋದ ವರ್ಷದ ಫೋಟೊ ತೋರಿಸು ಎಂದು ಅವಳಿಗೇ ಹೇಳಿದ್ದ. ಈ ವರ್ಷದ್ದು ಕೇಳಿರಲಿಲ್ಲ. ದೇವರು ಉಳಿಸಿದ ಎಂದುಕೊಂಡಿದ್ದಳು ಆಗ.

ಅಕ್ಬರಿ ಮುಖ ತಿರುಗಿಸಿದಳು. "ನಾನೂ ತಪ್ಪು ಮಾಡಿದೆ. ಇವತ್ತೇ ಹೋಗಿ ನೋಡ್ತೀನಿ, ಬುಡದಲ್ಲಿ ಜೀವ ಇದ್ರೆ ಉಳಿಸ್ತೀನಿ ಅಂದೆ. 'ಬ್ಯಾಡ. ನೀನೋದ್ರೆ ಅವಳಿಗ್ ಗೊತ್ತಾಯ್ತದೆ,' ಅಂದ್ರು. ಮನುಷ್ಯನ ಮಾತು ಕೇಳಿ ಸುಮ್ಮನಾದೆ. ಬರಬೇಕಿತ್ತು ನಾನು."

"ಆಗ ಜೀವ ಇತ್ತಾ?" ಯಶೋಧಾ ಕುಂಡದ ಅಂಚು ಹಿಡಿದಳು. "ನಾನು ಮೊದಲನೇ ದಿನವೇ ನಿಜ ಹೇಳಿದ್ರೆ?"

ಅಕ್ಬರಿ ಸುಳ್ಳು ಹೇಳಲಿಲ್ಲ. ಬೆಳಗ್ಗೆ ಜನರ ಮುಂದೆ ಒಂದು ಹೇಳಿದ್ದಳು, ಅದು ಸಾಕೆನ್ನಿಸಿರಬೇಕು.

"ಇದ್ದಿರುತ್ತೆ ಬೇಟಿ. ಸಣ್ಣ ಕಡ್ಡಿ ಎಲ್ಲಾ ಹೋಗಿರೋದು. ಆದ್ರೆ ಬೊಡ್ಡೆ ಅಷ್ಟು ಬೇಗ ಸಾಯಲ್ಲ. ನೆರಳಿಗಿಟ್ಟು, ಮುಚ್ಚಿ, ದಿನಾ ತೇವ ಮಾಡಿದ್ರೆ ಬುಡದಿಂದ ಚಿಗುರ್ತಿತ್ತು."

ಕೆಳಗೆ ಯಾರೋ ಬಕೆಟ್ಟು ಮಗುಚಿದರು. ನೀರು ಮೆಟ್ಟಿಲ ಮೇಲೆ ಇಳಿದುಹೋಗುವ ಸದ್ದು ಬಹಳ ಹೊತ್ತು ಕೇಳಿಸಿತು.

*

ಗಂಡಸರು ಬಂದು, ಕಾಲು ತೊಳೆದು, ದೀಪ ನೋಡಿದರು. ಮನೋಹರ ಒದ್ದೆ ಪಂಚೆಯಲ್ಲಿ ದೀಪದ ಮುಂದೆ ನಿಂತಿದ್ದ. ಮುಖ ಊದಿಕೊಂಡಿತ್ತು.

"ಈಗ ಜನ ಇಲ್ಲ," ಎಂದ ಹೆಂಡತಿಗೆ. "ಮರ ತರ್ತೀನಿ. ಮೂರು ದಿನ ದೀಪದ ಹತ್ರ ಇರ್ಲಿ."

ಯಶೋಧಾ ಅತ್ತೆಯ ಕಡೆ ನೋಡಿದಳು. ಮುನಿಯಲ್ಲಮ್ಮ ತಲೆಗೆ ನೀರು ಹಾಕಿಕೊಂಡು, ಬೆಳ್ಳಗಿನ ಕೂದಲನ್ನು ಹಾಗೇ ಇಳಿಬಿಟ್ಟು, ಮೊದಲಿನ ಜಾಗದಲ್ಲೇ ಕೂತಿದ್ದಳು.

"ಅದು ಸತ್ತುಹೋಗಿದೆ ರೀ," ಎಂದಳು ಯಶೋಧಾ. "ನಾನು ನೀರು ಹಾಕ್ಲಿಲ್ಲ. ತಗಡು ಹಾಕಿಸೋ ಗಲಾಟೇಲಿ ಬಿಸಿಲಿಗೆ ಬಿಟ್ಟುಬಿಟ್ಟೆ. ಮಾವನಿಗೆ ಚಿಗುರಿದೆ ಅಂತ ಸುಳ್ಳು ಹೇಳಿದೆ. ಸುಳ್ಳು ಅಂತ ಅವರಿಗೆ ಗೊತ್ತಿತ್ತಂತೆ."

ಮನೋಹರನ ಕಣ್ಣು ಅವಳ ಮೇಲಿತ್ತು, ಆಮೇಲೆ ನೆಲಕ್ಕಿಳಿಯಿತು.

"ತಗಡು ಹಾಕಿಸಿ ಮುಗಿಸ್ಬಿಡು ಅಂದಿದ್ದು ನಾನೇ ತಾನೇ," ಎಂದ ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. ಅವಳ ಬಳಿ ಬರಲಿಲ್ಲ. ಹೊರಗೆ ಹೋಗಿ ಖಾಲಿ ಕುರ್ಚಿಯೊಂದರಲ್ಲಿ ಕೂತ.

ಮುನಿಯಲ್ಲಮ್ಮ ಗೋಡೆ ಹಿಡಿದು ಏಳತೊಡಗಿದಳು. ಯಶೋಧಾ ಕೈ ಕೊಡಲು ಹೋದಳು. ಅತ್ತೆ ಆ ಕೈ ಹಿಡಿಯಲಿಲ್ಲ. ತಾನೇ ಎದ್ದು, ಮೆಟ್ಟಿಲ ಬಳಿ ಹೋಗಿ, ಕಂಬಿ ಹಿಡಿದು ಹತ್ತತೊಡಗಿದಳು. ಮಂಡಿ ಕೆಟ್ಟಾಗಿನಿಂದ, ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ಆ ಮೆಟ್ಟಿಲು ಹತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಂತು, ಉಸಿರು ಎಳೆದುಕೊಂಡು, ಮುಂದಿನದಕ್ಕೆ. ಯಶೋಧಾ ಎರಡು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಬಹುದೆಂದು, ಹಿಂದೆಯೇ ಹತ್ತಿದಳು.

ಪಡುವಣದ ಬಿಸಿಲು ಓರೆಯಾಗಿ ತಗಡಿನಡಿಗೆ ನುಗ್ಗಿತ್ತು. ಆ ಬೆಳಕಿನಲ್ಲಿ ತಪಸಿಯ ಒಂದೊಂದು ಕವಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು: ದಪ್ಪದಿಂದ ಸಣ್ಣ, ಸಣ್ಣದಿಂದ ಇನ್ನೂ ಸಣ್ಣ, ತುದಿಯಲ್ಲಿ ಹೊಗೆಯಂತೆ. ಅದು ಸತ್ತಿದೆಯೆಂದು ಗೊತ್ತಿಲ್ಲದವರಿಗೆ ಗೊತ್ತಾಗುತ್ತಲೇ ಇರಲಿಲ್ಲ.

"ಇಷ್ಟ್ ಸಣ್ಣ ಮಾಡಿದ್ನಾ," ಎಂದಳು ಮುನಿಯಲ್ಲಮ್ಮ. "ನಾನ್ ನೋಡೇ ಇರ್ಲಿಲ್ಲ."

ಬಗ್ಗಿ ನೋಡಿದಳು, ಮುಟ್ಟಲಿಲ್ಲ. ಆಮೇಲೆ ಆಕಾಶ ನೋಡಿ ಹೊತ್ತು ಅಂದಾಜು ಮಾಡಿದಳು.

"ಈ ಒತ್ಗೆ ನೀರಾಕ್ತಿದ್ದ. ಚೊಂಬು ಎತ್ಕೊಂಡ್ ಬಂದ್ ಆಕು."

"ಅತ್ತೆ, ಅದಕ್ಕೆ ಜೀವ ಇಲ್ಲ."

"ಕೇಳುಸ್ತು. ಆಕು."

ಯಶೋಧಾ ಡ್ರಮ್ಮಿನಿಂದ ಚೊಂಬು ತುಂಬಿ ತಂದು ಹೊಯ್ದಳು. ಕಲ್ಲಾಗಿದ್ದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನೀರು ಮೇಲೆಮೇಲೇ ಜಾರಿ, ಕುಂಡದ ಅಂಚು ದಾಟಿ, ಅವಳ ಪಾದದ ಮೇಲೆ ಸುರಿದು ಹರಿದುಹೋಯಿತು. ಅವಳು ಅತ್ತೆಯ ಕಡೆ ನೋಡಿದಳು.

"ನಿದಾನುಕ್ಕೆ."

ಇನ್ನೊಂದು ಚೊಂಬು ತಂದಳು. ಮಂಡಿಯೂರಿ ಕೂತು, ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ತೊಟ್ಟುತೊಟ್ಟಾಗಿ ಬಿಟ್ಟಳು. ಅದೂ ಹರಿದುಹೋಯಿತು. ಮೂರನೆಯದು. ನಾಲ್ಕನೆಯದು. ಐದನೆಯದಕ್ಕೆ ಬುಡದ ಪಕ್ಕದಲ್ಲೊಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ಅದರ ಪಕ್ಕ ಇನ್ನೊಂದು. ಮಣ್ಣು ಬಾಯಿ ಬಿಟ್ಟು, ಗುಟುಕು ಗುಟುಕಾಗಿ, ಸಣ್ಣ ಸದ್ದು ಮಾಡುತ್ತ ಕುಡಿಯತೊಡಗಿತು. ಯಶೋಧಾ ಅಳುತ್ತಿದ್ದಳು, ಅಂಗೈ ಕದಲಿಸಲಿಲ್ಲ. ಚೊಂಬು ಖಾಲಿಯಾದಾಗ ಮುನಿಯಲ್ಲಮ್ಮ ಕೈ ಚಾಚಿ ಅದನ್ನು ಇಸಿದುಕೊಂಡಳು. ಕುಂಟುತ್ತ ಡ್ರಮ್ಮಿನ ಬಳಿ ಹೋಗಿ, ತುಂಬಿಕೊಂಡು ಬಂದು ಸೊಸೆಯ ಕೈಗಿಟ್ಟಳು.